ಗಿರಿಜೆಗಾಗಿ ಮಾಡಿದ ಸ್ನಾನ

ಹೊಸ ಪುಸ್ತಕದ ಮಸಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಬಳ್ಳಾರಿಯ ನಮ್ಮ ಹಿತ್ತಲಲ್ಲಿ ಒದ್ದೆ ಸೀರೆಯುಟ್ಟು ನಡುಗುತ್ತ ನಿಂತ ಅಜ್ಜಿ ಇವತ್ತಿಗೂ ಕಣ್ಣಿಗೆ ಕಟ್ಟುತ್ತಾಳೆ. ಆ ಮನೆ ಈಗಿಲ್ಲ, ನೀವು ಹುಡುಕಿದರೂ ಸಿಗಲಾರದು. ಕುರುಗೋಡಿನಲ್ಲಿ ಮೇಷ್ಟ್ರಾಗಿದ್ದ ಕಾಕಾ ಕೌಲ್ ಬಜಾರಿನಿಂದ ಕತೆ ಪುಸ್ತಕವೊಂದನ್ನು ತಂದು, "ಬೆಳೆಯೋ ಹುಡುಗ್ಯಾರು ಓದಬೇಕಾದ್ದೈತಿ, ಓದ್ರಿ" ಎಂದು ತುಂಗತ್ತೆಯ ಕೈಗಿತ್ತರು. ತುಂಗತ್ತೆ ಅಜ್ಜಿಯ ಕಿರಿಮಗಳು, ಹದಿನಾರು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು. ಬೋಳುತಲೆಯ ಮೇಲೆ ಕೆಂಪು ಸೆರಗೆಳೆದುಕೊಂಡು ದಿನಾ ಮಧ್ಯಾಹ್ನ ನಮಗೆ ಓದುತ್ತಿದ್ದಳು. ಓದುವಾಗ ಮಾತ್ರ ಅವಳ ದನಿಗೆ ಜೀವ ಬರುತ್ತಿತ್ತು.

ಅಜ್ಜಿಗೆ ಪುಸ್ತಕವೆಂದರೆ ಪುರಾಣ, ಅದರಲ್ಲಿದ್ದದ್ದೆಲ್ಲ ಎಲ್ಲೋ ನಡೆದದ್ದೇ. ಕತೆಯ ಗಿರಿಜೆ ತುಂಗತ್ತೆಯ ವಾರಿಗೆಯವಳು, ಅಂಥದೇ ಹಣೆಬರಹ. ಅವಳು ಜ್ವರದಲ್ಲಿ ತೀರಿಕೊಂಡಳೆಂದು ಅತ್ತೆ ಓದಿದ್ದೇ ತಡ, ಅಜ್ಜಿ ಬಾವಿಕಟ್ಟೆಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡಳು, ಸಾವಿನ ಸ್ನಾನ! ನಮಗೂ ಸುರಿದಳು, ಒಲೆಯನ್ನೂ ಆರಿಸಿದಳು. ಸಂಜೆ ಬಂದ ಕಾಕಾ ತೊಯ್ದ ನಮ್ಮನ್ನೆಲ್ಲ ಕಂಡು ಬಾಗಿಲಲ್ಲೇ ಬಿಳಿಚಿಕೊಂಡರು.

"ಯಾರು ಹೋದ್ರಮ್ಮಾ?"

"ಗಿರಿಜಿ ಹೋದ್ಲಪ್ಪಾ."

ಯಾವ ಗಿರಿಜೆಯೆಂದು ತಿಳಿದಾಗ ಕಾಕಾ ನಗು ತಡೆಯಲಾರದೆ, "ಆಕಿ ಇಲ್ಲವೇ ಇಲ್ಲಮ್ಮಾ, ಬರದಾತ ಕಟ್ಟಿದ್ದು" ಎಂದರು. ಅಜ್ಜಿ ನಗಲಿಲ್ಲ.

"ಕಟ್ಟಿದಾತ ಅವನ ಅಂದಮ್ಯಾಲೆ, ಆ ಕೂಸಿನ್ನ ಕೊಲ್ಲಾಕ ಹೆಂಗ ಮನಸ್ಸು ಬಂತು ಅವಂಗ?" ಎಂದು ಕೇಳಿ, ಮಗಳ ಕಡೆ ತಿರುಗಿದಳು. "ತುಂಗಾ, ಬದುಕಿಸಿ ಓದು."

ತುಂಗತ್ತೆ ಹಾಳೆ ತಿರುಗಿಸಿ ಓದಿದಳು. ಗಿರಿಜೆ ಎದ್ದು ಕೂತಳು, ಗಂಜಿ ಕೇಳಿದಳು. ಅವಳ ಕೂದಲು ಮತ್ತೆ ಬೆಳೆಯಿತು, ಸೊಂಟದ ತನಕ. ಅವಳು ಸಾಲೆಗೆ ಹೋದಳು. ನಾನು ಬಗ್ಗಿ ನೋಡಿದೆ. ಕಡೆಯ ಆ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲ.

ಮರುವರ್ಷ ಊರಿಗೆ ಬಂದ ಜ್ವರ ತುಂಗತ್ತೆಯನ್ನು ಬಿಡಲಿಲ್ಲ. ಅವಳನ್ನು ಒಯ್ದ ಮೇಲೆ ಮನೆಯವರೆಲ್ಲ ಸ್ನಾನ ಮಾಡಿದರು. ಅಜ್ಜಿಯೊಬ್ಬಳೇ, ಯಾರೆಷ್ಟು ಕರೆದರೂ ಬಾವಿಕಟ್ಟೆಗೆ ಹೋಗದೆ, ಒಣ ಸೀರೆಯಲ್ಲೇ ಪಡಸಾಲೆಯಲ್ಲಿ ಕೂತಿದ್ದಳು. ತೊಡೆಯ ಮೇಲಿದ್ದ ಪುಸ್ತಕವನ್ನು ನನ್ನತ್ತ ಸರಿಸಿ, "ನಿಮ್ಮತ್ತಿ ಓದಿದಂಗ ಓದವಾ" ಎಂದಳು.

ನಾನು ಆ ಖಾಲಿ ಹಾಳೆ ತೆಗೆದೆ. ತುಂಗತ್ತೆ ಎದ್ದು ಕೂತಳು, ಗಂಜಿ ಕೇಳಿದಳು ಎಂದು ಓದತೊಡಗಿದೆ.