ಇಬ್ಬರು ವೆಂಕೂಬಾಯಿಯರು

ಮಾನ್ವಿಯ ವೆಂಕೂಬಾಯಿಗೆ ನಲವತ್ತು ತುಂಬುವುದರೊಳಗೆ ಹಲ್ಲೆಲ್ಲ ಉದುರಿದ್ದವು. ಆಮೇಲೆಯೇ ಆಕೆ ಹಲ್ಲುಪುಡಿ ಮಾಡಲು ಕಲಿತದ್ದು. ಗಂಡ ತೀರಿಕೊಂಡು ತಮ್ಮನ ಮನೆ ಸೇರಿದ್ದ ಆಕೆ, ತನ್ನ ಬಾಯಿಗೆ ಬಂದ ಗತಿ ತಮ್ಮನ ಮಕ್ಕಳಿಗೆ ಬರಬಾರದೆಂದು ಜಾಲಿಯ ಇದ್ದಿಲು, ಉಪ್ಪು, ಪಟಿಕ, ಲವಂಗ ಕುಟ್ಟಿ ಬಟ್ಟೆಯಲ್ಲಿ ಸೋಸಿಡುತ್ತಿದ್ದಳು. ಮಕ್ಕಳ ಹಲ್ಲು ನೆಟ್ಟಗುಳಿದವು. ಓಣಿಯವರು ಕೇಳಿ ಒಯ್ಯತೊಡಗಿದರು.

ತಮ್ಮನ ಹಿರಿಮಗ ಶೇಷಗಿರಿಗೆ ಓದು ಹತ್ತಲಿಲ್ಲ, ವ್ಯಾಪಾರ ಹತ್ತಿತು. ಅವನು ಪುಡಿಯನ್ನು ಪೊಟ್ಟಣ ಕಟ್ಟಿ, ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ‘ವೆಂಕೂಬಾಯಿ ಹಲ್ಲುಪುಡಿ’ ಎಂದು ಅಚ್ಚು ಹಾಕಿಸಿ, ಮಲ್ಲಟ, ಕುರ್ಡಿಯ ಅಂಗಡಿಗಳಿಗೂ ರಾಯಚೂರಿನ ಪೇಟೆಗೂ ಕೊಟ್ಟುಬರುತ್ತಿದ್ದ. ಅಚ್ಚಾದ ತನ್ನ ಹೆಸರನ್ನು ವೆಂಕೂಬಾಯಿ ತಿರುಗಿಸಿ ಮುರುಗಿಸಿ ನೋಡಿ, ಕಾಗದ ದಪ್ಪ ಆಯಿತು ಎಂದಷ್ಟೇ ಹೇಳಿದಳು.

ಎರಡನೆಯ ದೊಡ್ಡ ಯುದ್ಧ ಮುಗಿದ ವರ್ಷ ರಾಯಚೂರಿನ ಅಂಗಡಿಗಳಲ್ಲಿ ಅದೇ ಹೆಸರಿನ ಇನ್ನೊಂದು ಪುಡಿ ಕಾಣಿಸಿತು. ಅದರಲ್ಲಿ ಅರ್ಧಕ್ಕರ್ಧ ಇಟ್ಟಿಗೆಯ ಪುಡಿ. ಒಸಡು ಕಿತ್ತುಹೋದವರು ಬಂದು ಬೈದದ್ದು ಶೇಷಗಿರಿಯನ್ನು. ಅವನು ಮೂಲ ಹುಡುಕುತ್ತ ದೇವದುರ್ಗಕ್ಕೆ ಹೋಗಿ, ಅಲ್ಲಿ ರಾಮಲಿಂಗಪ್ಪನೆಂಬ ವ್ಯಾಪಾರಿಯನ್ನು ಹಿಡಿದ. ಕಳ್ಳತನವೇನೂ ಇಲ್ಲ, ನಮ್ಮ ಪಾಲುದಾರಳ ಹೆಸರೂ ವೆಂಕೂಬಾಯಿಯೇ ಎಂದ ರಾಮಲಿಂಗಪ್ಪ ಅವನಿಗೆ ಚಹಾ ಕುಡಿಸಿ ಕಳಿಸಿದ.

ಶೇಷಗಿರಿ ಬಂದು ಹೇಳಿದ್ದನ್ನು ವೆಂಕೂಬಾಯಿ ನಂಬಲಿಲ್ಲ. ತಾನೇ ನೋಡುತ್ತೇನೆಂದು ಹೊರಟಳು. ಸುಳ್ಳುಗಾರ್ತಿಯ ಬಾಯಿಗೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಳು. ದೇವದುರ್ಗದಲ್ಲಿ ಬಾಗಿಲು ತೆರೆದವಳು ಮನೆಮನೆಗೆ ಹೋಗಿ ಅಡುಗೆ ಮಾಡಿಕೊಟ್ಟು ಬದುಕುತ್ತಿದ್ದ ಒಬ್ಬ ವಿಧವೆ.

“ನಿಮ್ಮ ಹೆಸರೇನ್ರಿ?”

“ವೆಂಕೂಬಾಯಿ. ನಮ್ಮಜ್ಜಿ ಹೆಸರು. ನಿಮ್ಮದ್ರಿ?”

“ನಂದೂ ಅದೇ. ನಂದೂ ಅಜ್ಜಿ ಹೆಸರೇ.”

ಜಗಳಕ್ಕೆ ಅಲ್ಲಿಂದ ಮುಂದೆ ದಾರಿಯಿರಲಿಲ್ಲ. ಆ ವೆಂಕೂಬಾಯಿ ಪುಡಿ ಕುಟ್ಟುವುದನ್ನು ಕಣ್ಣಾರೆ ಕಂಡವಳೂ ಅಲ್ಲ. ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ರಾಮಲಿಂಗಪ್ಪ ತಿಂಗಳಿಗಿಷ್ಟು ಜೋಳ ಕಳಿಸುತ್ತಿದ್ದ. ಮಾನ್ವಿಯ ವೆಂಕೂಬಾಯಿ ಅವಳ ಮನೆಯಲ್ಲಿ ನೀರು ಕುಡಿದು, ಜೋಡಿಸಿಟ್ಟ ಮಾತನ್ನೆಲ್ಲ ಹಾಗೆಯೇ ವಾಪಸು ತಂದಳು.

ರಾಯಚೂರಿನಲ್ಲಿ ವಲಿ ಪಾಷಾ ಎಂಬ ವಕೀಲರು ವ್ಯಾಪಾರದ ಮಾರ್ಕುಗಳ ಕೆಲಸ ಬಲ್ಲವರೆಂದು ಹೆಸರಾಗಿದ್ದರು. ಅತ್ತೆ ಅಳಿಯ ಇಬ್ಬರೂ ಅವರಲ್ಲಿಗೆ ಹೋದರು. ವೆಂಕೂಬಾಯಿ ಎಂಬ ಹೆಸರನ್ನು ರಜಿಸ್ಟರಿ ಮಾಡಿಸಿಕೊಡಿ ಎಂದು ಶೇಷಗಿರಿ ಕೇಳಿದ. ವಕೀಲರು ಆಗದೆಂದು ತಲೆಯಾಡಿಸಿದರು. ತನ್ನ ಹೆಸರಿನಲ್ಲಿ ತಾನು ವ್ಯಾಪಾರ ಮಾಡಬೇಡವೆಂದು ದೇವದುರ್ಗದವಳಿಗೆ ಯಾವ ಕಚೇರಿಯೂ ಹೇಳಲಾರದು, ಅವಳನ್ನು ಬಿಡಿಸಿದರೆ ರಾಮಲಿಂಗಪ್ಪ ಲಿಂಗಸುಗೂರಿನಿಂದ ಇನ್ನೊಬ್ಬಳನ್ನು ತರುತ್ತಾನೆ ಎಂದರು. ಹಾಗಾದರೆ ‘ಕರೀ ಹಲ್ಲುಪುಡಿ’ ಎಂದಿಡೋಣವೇ ಎಂದರೆ, ಕರಿಯದನ್ನು ಕರಿಯದೆನ್ನುವ ಹಕ್ಕು ಎಲ್ಲರಿಗೂ ಉಂಟು ಎಂದರು. ಕೊನೆಗೆ ಶೇಷಗಿರಿ, ಅತ್ತೆಯ ಫೋಟೋ ಹಾಕಿಸಿದರೆ ಹೇಗೆ ಎಂದ. ವೆಂಕೂಬಾಯಿ ಸೆರಗು ಮುಂದಕ್ಕೆಳೆದುಕೊಂಡಳು. ಅದೂ ಅಲ್ಲಿಗೆ ಮುಗಿಯಿತು.

ವಕೀಲರು, ಸಂತೆಯಲ್ಲಿ ಜನ ಈ ಪುಡಿಯನ್ನು ಏನೆಂದು ಕೇಳುತ್ತಾರೆ ಎಂದರು. ಶೇಷಗಿರಿ ಕಿಟಕಿಯ ಕಡೆ ನೋಡತೊಡಗಿದ.

“ಬೊಚ್ಚುಬಾಯಿ ಪುಡಿ ಅಂತಾರ್ರಿ,” ಎಂದಳು ವೆಂಕೂಬಾಯಿ. “ನನಗ ಗೊತ್ತಿಲ್ಲ ಅಂತ ತಿಳಕೊಂಡಾರ.”

ವಕೀಲರು ಲೇಖನಿ ಕೆಳಗಿಟ್ಟರು. “ಈ ಹೆಸರಿನ ಹೆಂಗಸು ನಮ್ಮ ರಿಯಾಸತ್ತಿನ ಯಾವ ಊರಾಗರ ಇದ್ದಾಳೇನಮ್ಮಾ?”

“ಹೆಸರಿಡೋ ಮುಂದ ಯಾವ ಕೂಸಿಗೂ ಹಲ್ಲಿರೂದಿಲ್ರಿ. ಆದ್ರೂ ಯಾರೂ ಇಡಂಗಿಲ್ಲ.”

ಅಂಥದ್ದೇ ಬೇಕಾಗಿತ್ತು ಎಂದರು ವಲಿ ಪಾಷಾ. ಹಲ್ಲುಪುಡಿ ಮಾರುವವ ಯಾವನೂ ತಾನಾಗಿ ಆರಿಸದ ಹೆಸರು; ಹಾಗಾಗಿ ಇನ್ನೊಬ್ಬ ಹಾಕಿದರೆ ಕದ್ದದ್ದೆಂದು ಕುರುಡನಿಗೂ ತಿಳಿಯುತ್ತದೆ. ಚಿತ್ರ ಬೇಡ, ಬಣ್ಣ ಬೇಡ, ಬರೀ ಶಬ್ದಕ್ಕೆ ದರಖಾಸ್ತು ಹಾಕೋಣ, ಆಗ ಯಾವ ಲಿಪಿಯಲ್ಲಿ ಬರೆದರೂ ನಿಮ್ಮದೇ ಎಂದು ಹೇಳಿ, ವೆಂಕೂಬಾಯಿಯ ರುಜು ಹಾಕಿಸಿಕೊಂಡರು. ಅದಕ್ಕಾಗಿ ಆಕೆ ತನ್ನ ನಿಜವಾದ ಹೆಸರನ್ನೇ ಬರೆಯಬೇಕಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಶೇಷಗಿರಿ ಮುಖ ಕೆಳಗೆ ಹಾಕಿದ್ದ. ಬೇಡವೆನಿಸಿದರೆ ನಾಳೆಯೇ ವಾಪಸು ತೆಗೆಯೋಣ ಎಂದ. ಆಕೆಗೂ ಒಳಗೆ ಚುಚ್ಚದೆ ಇರಲಿಲ್ಲ. ಹತ್ತಾರು ವರ್ಷ ಕಿವಿಗೆ ಬಿದ್ದೂ ಬೀಳದಂತೆ ನಡೆದುಬಂದ ಮಾತಿಗೆ ಈಗ ತಾನೇ ಒಡತಿಯಾಗಿದ್ದಳು.

“ಬ್ಯಾಡ ಬಿಡೋ ಶೇಷ್ಯಾ,” ಎಂದಳು. “ಇಷ್ಟು ದಿನ ಪುಕ್ಕಟೆ ಅಂದ್ರು. ಇನ್ನ ರೊಕ್ಕ ಕೊಟ್ಟು ಅನ್ಲಿ.”

ಮಾರ್ಕು ಮಂಜೂರಾಗಿ ಬಂತು. ಮುಂದಿನ ವರ್ಷ ರಾಮಲಿಂಗಪ್ಪ ಒಂದು ಕೊಂಬು ಕಿತ್ತು ‘ಬೊಚ್ಚಬಾಯಿ’ ಎಂದು ಅಚ್ಚು ಹಾಕಿಸಿದ. ವಲಿ ಪಾಷಾರ ನೋಟೀಸು ಹೋದ ಮೇಲೆ ಹಲ್ಲಿನ ಸಹವಾಸ ಬಿಟ್ಟು ಊದುಬತ್ತಿಗೆ ಇಳಿದ. ವೆಂಕೂಬಾಯಿ ಎಂಬ ಹೆಸರಿಗೆ ಬೆಲೆಯಿಲ್ಲವಾದಂತೆ ದೇವದುರ್ಗಕ್ಕೆ ಹೋಗುತ್ತಿದ್ದ ಜೋಳವೂ ನಿಂತಿತು. ಆ ವೆಂಕೂಬಾಯಿ ಗಂಟು ಕಟ್ಟಿಕೊಂಡು ಮಾನ್ವಿಗೆ ಬಂದು ಕೆಲಸ ಕೇಳಿದಳು. ಈ ವೆಂಕೂಬಾಯಿ ಅವಳ ರಟ್ಟೆ ನೋಡಿ ಒಪ್ಪಿದಳು.

ದೇವದುರ್ಗದವಳಿಗೆ ಹಲ್ಲೆಲ್ಲ ಮುತ್ತು ಪೋಣಿಸಿದಂತಿದ್ದವು. ನೋಡಿದ ಶೇಷಗಿರಿ ಅವಳನ್ನು ಸಂತೆಯ ಅಂಗಡಿಯಲ್ಲಿ ಕೂರಿಸಿದ. ಗಿರಾಕಿಗಳು ಬೆರಗಾಗಿ, ಇದು ಈ ಪುಡಿಯಿಂದಲೇ ಬಂದದ್ದೇ ಎಂದು ಕೇಳುತ್ತಿದ್ದರು. ಅವಳು ಸುಳ್ಳಾಡುವವಳಲ್ಲ. ತಾನು ಹುಟ್ಟಿದಾಗಿನಿಂದ ಬೇವಿನ ಕಡ್ಡಿ ಬಿಟ್ಟು ಬೇರೇನೂ ಬಾಯಿಗೆ ಹಾಕಿಲ್ಲ ಎನ್ನುತ್ತಿದ್ದಳು. ಎರಡು ಸಂತೆ ಕಳೆದ ಮೇಲೆ ಶೇಷಗಿರಿ ಅವಳನ್ನು ಒರಳಿಗೆ ಹಚ್ಚಿದ.