ಅಕ್ಕನ ಮೇಜಿಗೆ ಕೇಳಿದ ಬೇಸ್

ಶಹಾಪುರದ ಬಸ್ ಸ್ಟ್ಯಾಂಡ್ ಹಿಂದೆ ಅಕ್ಕನ ಟೇಲರಿಂಗ್ ಅಂಗಡಿ. ನಾನು ಹೈದರಾಬಾದಿನ ಒಂದು ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ, ಹಾಡಿನ ಅಡಿಯಲ್ಲಿ ಗುಂಯ್ ಎನ್ನುವ ದಪ್ಪ ತಂತಿಯ ಗಿಟಾರ್. ನಾವೇ ಹಾಡು ಕಟ್ಟಿ, ನಾವೇ ರೆಕಾರ್ಡ್ ಮಾಡಿ, ನಾವೇ ಸಾಮಾನು ಹೊತ್ತು ಊರೂರು ತಿರುಗುವ ಬ್ಯಾಂಡ್. ಹಾಡುವವನ ಹೆಸರು ಕೂಗುವ ಜನಕ್ಕೆ ನನ್ನ ಮುಖವೂ ನೆನಪಿರುವುದಿಲ್ಲ. ಇರಲಿ. ಅಕ್ಕ ಒಬ್ಬಳು ಕೇಳಿದ್ದರೆ ಸಾಕಿತ್ತು.

ಹಿಂದೆ ಕೂತು ನುಡಿಸುವುದನ್ನು ಕಲಿಸಿದವಳೇ ಅವಳು. ಅಮಾವಾಸ್ಯೆಗೆ ಸುರಪುರ ದಾಟಿ ತಿಂಥಣಿಯ ಗುಡಿಗೆ ಹೋದರೆ, ಭಜನೆಯಲ್ಲಿ ಏಕತಾರಿ ಅವಳದೇ. ಹಾಡುವವರು ಉಸಿರು ತಗೊಳ್ಳಲಿ, ಚಹಾ ಕುಡಿಯಲಿ, ಏಕತಾರಿಯ ಬೆರಳು ಮಾತ್ರ ನಿಲ್ಲುವಂತಿಲ್ಲ. ಮಂಗಳಾರತಿಯಾದ ಮೇಲೆ ಶಾಲು ಹಾಡಿದವರಿಗೆ. ಅವಳಿಗೆ ಒರಗಿ ಕೂರುತ್ತಿದ್ದ ನನಗೆ ಹಾಡಿಗಿಂತ ಆ ಒಂದೇ ತಂತಿಯ ಸದ್ದು ಹಿತವಾಗಿತ್ತು.

ನಮ್ಮ ಮೊದಲ ಹಾಡನ್ನು ಅವಳ ಫೋನಿಗೆ ಕಳಿಸಿದೆ. ಬ್ಲೌಸಿನ ಅಳತೆ ಕೊಡಲು ಬಂದವರಿಗೆಲ್ಲ ಕೇಳಿಸಿದಳು. ಆದರೆ ಫೋನಿನ ಸಣ್ಣ ಸ್ಪೀಕರಿನಲ್ಲಿ ಬೇಸ್ ಬರುವುದೇ ಇಲ್ಲ. ನಡುವೆ ಚುರುಕಾಗಿ ಏರುವ, ಬ್ಯಾಂಡಿನ ಗೆಳೆಯನ ಗಿಟಾರನ್ನೇ ನನ್ನದೆಂದು ತಿಳಿದು, ಅದನ್ನೇ ಗುನುಗುತ್ತಾ ಗುಂಡಿ ಹಚ್ಚುತ್ತಿದ್ದಳು. ಅಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಚೆನ್ನಾಗಿಯೇ ಬಂತು.

ಹೋದ ಸಲ ಬೇಸನ್ನೇ ಹೊತ್ತು ಊರಿಗೆ ಬಂದೆ. ಅದರ ಭಾರದ ಆಂಪ್ಲಿಫೈಯರ್ ಬಸ್ಸಿನಲ್ಲಿ ತರುವ ಮಾತಲ್ಲ. ಅದಿಲ್ಲದೆ ಮೀಟಿದರೆ ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳದು. ಬಟ್ಟೆ ಕತ್ತರಿಸುವ ಅವಳ ಹಳೆಯ ಮರದ ಮೇಜಿಗೆ ಬೇಸಿನ ತಲೆಯನ್ನು, ತಂತಿ ಬಿಗಿಯುವ ತುದಿಯನ್ನು, ಒತ್ತಿ ಹಿಡಿದು ನುಡಿಸಿದೆ. ಮೇಜೆಲ್ಲ ಗುಂಯ್ ಎಂದಿತು, ಮೇಲಿದ್ದ ಕತ್ತರಿ ನಡುಗಿತು. ಅಕ್ಕ ಮಶಿನ್ ನಿಲ್ಲಿಸಿ ಬಂದು ಮೇಜಿಗೆ ಕಿವಿಯಿಟ್ಟಳು. ಹಾಡು ಮುಗಿಯುವವರೆಗೂ ತಲೆ ಎತ್ತಲಿಲ್ಲ.

“ಇಷ್ಟು ದಿನ ನಾ ಕೇಳಿದ್ದು ಯಾರ್ದು?” ಎಂದಳು.

ಗೆಳೆಯನದೆಂದೆ. ಮೇಜಿನ ಕತ್ತರಿ ಪಕ್ಕಕ್ಕೆ ಸರಿಸಿ, “ಅವಗ ಅಕ್ಕ ಅದಾಳೇನು?” ಎಂದಳು. ಇಲ್ಲವೆಂದೆ.

“ಹಂಗಾದ್ರ ಅವಂದೂ ಕೇಳ್ತೀನಿ ಬಿಡು.”

ಈಗ ದೊಡ್ಡ ಸ್ಪೀಕರುಗಳ ಮುಂದೆ, ನೆಲ ಅದುರುವಂತೆ ನುಡಿಸುವಾಗಲೂ ಮೇಜಿಗೆ ಒತ್ತಿದ ಆ ಕೆನ್ನೆಯೇ ಕಣ್ಣಿಗೆ ಕಟ್ಟುತ್ತದೆ. ಎಲ್ಲ ಬಿಟ್ಟು ಶಹಾಪುರದ ಬಸ್ ಹತ್ತೋಣ ಅನ್ನಿಸುತ್ತದೆ. ನಿನ್ನೆ ಅವಳೇ ಫೋನ್ ಮಾಡಿದ್ದಳು.

“ಫೋನಿನ್ಯಾಗ ಹಾಡು ಹಚ್ಚಿ, ಮೇಜಿನ ಮ್ಯಾಲಿಟ್ಟು, ಮೇಜಿಗೆ ಕಿವಿ ಇಟ್ಟಿದ್ದೆ,” ಎಂದಳು. “ನೀ ಇಲ್ಲ. ಯಾವಾಗ ಬರ್ತಿ?”