ಕಿಟಕಿ ಸೀಟಿಗೆ ಇಟ್ಟ ಫೈಲು

ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ನಾನು ಎಂ.ಎ. ಓದಲು ಹೊರಟಾಗ ನಮ್ಮ ಅತ್ತೆ ಬೇಡ ಅನ್ನಲಿಲ್ಲ. ಜೋಳದ ಹಿಟ್ಟಿನ ಡಬ್ಬಿ ತಮ್ಮ ಕಡೆಗೆ ಎಳೆದುಕೊಂಡು ಇಷ್ಟೇ ಹೇಳಿದರು: "ಎರಡು ವರ್ಷ ಅಂದಿ. ಎರಡ ವರ್ಷ ನೋಡು. ಅಲ್ಲೀತನಕ ಮುಂಜಾನಿ ರೊಟ್ಟಿ ನಂದು. ಮೂರನೇ ವರ್ಷ ನನ್ನ ಕೈಗೆ ಹಿಟ್ಟು ಹತ್ತಂಗಿಲ್ಲ."

ಅವರಿಗೆ ಎಪ್ಪತ್ತು ಸಮೀಪಿಸಿತ್ತು, ಮೊಣಕಾಲು ನೋವು ಬೇರೆ. ಗ್ಯಾಸ್ ಕಟ್ಟೆಯ ಮುಂದೆ ಎತ್ತರದ ಸ್ಟೂಲು ಹಾಕಿಕೊಂಡು ಕೂತು, ಒಂದು ರೊಟ್ಟಿ ಬಡಿದ ಮೇಲೆ ಒಂದು ಸಲ ಮೊಣಕಾಲು ಒತ್ತಿಕೊಂಡು, ಮುಂದಿನ ಉಂಡೆಗೆ ಕೈ ಹಾಕುತ್ತಿದ್ದರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುವಾಗ ಆ ಒತ್ತಿಕೊಳ್ಳುವ ಕೈ ದಿನಾ ಕಣ್ಣಿಗೆ ಬೀಳುತ್ತಿತ್ತು. ಎರಡು ವರ್ಷಕ್ಕೆ ಮುಗಿಸಲೇಬೇಕು ಎಂದು ನಾನು ಯಾರಿಗೂ ಆಣೆ ಮಾಡಿರಲಿಲ್ಲ. ಆ ಕೈ ನೋಡಿದರೆ ಸಾಕಿತ್ತು.

ನಮ್ಮ ಮನೆ ಬೈಲಹೊಂಗಲದಲ್ಲಿ. ಯುನಿವರ್ಸಿಟಿ ಕಿತ್ತೂರಿನ ಆಚೆ, ಬಸ್ಸಿನಲ್ಲಿ ಒಂದೂವರೆ ತಾಸಿನ ಹಾದಿ. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್‌ಗಳು ನಮಗೆ ಎರಡು ವಿಷಯ ಚೆನ್ನಾಗಿ ಕಲಿಸಿದ್ದರು. ವಹಿಗೆ ಖಾಕಿ ಕಾಗದದ ಹೊದಿಕೆ ಹಾಕಿ, ಚೀಟಿ ಅಂಟಿಸಿ, ಅದರ ಮೇಲೆ ಹೆಸರು ಬರೆಯುವುದು. ಎಲ್ಲಿ ಹೋದರೂ ಸಾಲಿನಲ್ಲಿ ನಿಲ್ಲುವುದು. ಮೊದಲನೆಯದು ಯುನಿವರ್ಸಿಟಿಯಲ್ಲಿ ಉಪಯೋಗಕ್ಕೆ ಬಂತು. ಎರಡನೆಯದರಿಂದ ಮೊದಲ ಒಂದು ತಿಂಗಳು ಕಿತ್ತೂರಿನ ತನಕ ದಿನಾ ನಿಂತುಕೊಂಡೇ ಹೋದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬಾಗಿಲಲ್ಲಿ ಸಾಲು ಎಂಬುದೇ ಉಳಿದಿರಲಿಲ್ಲ.

ಇತಿಹಾಸ ವಿಭಾಗದ ನಮ್ಮ ತರಗತಿಯಲ್ಲಿ ನನಗಿಂತ ದೊಡ್ಡವರು ಪಾಠ ಮಾಡುವ ಸರ್ ಒಬ್ಬರೇ. ಪಕ್ಕದ ಬೆಂಚಿನ ಹುಡುಗಿ ರಾಮದುರ್ಗದ ಕಡೆಯವಳು, ಹಾಸ್ಟೆಲಿನಲ್ಲಿದ್ದಳು. ನನ್ನ ಅರ್ಧ ವಯಸ್ಸು. ಬಸ್ಸಿನ ವಿದ್ಯೆಯನ್ನು ನನಗೆ ಕಲಿಸಿದವಳು ಅವಳೇ.

"ಅಕ್ಕಾರ, ಬಾಗಲದಾಗ ಪಾಳಿ ಹಚ್ಚಿ ನಿಂತ್ರ ನಿಮಗ ಸೀಟು ಯಾರು ಕೊಡತಾರ್ರಿ? ಗಾಡಿ ಸ್ಟ್ಯಾಂಡಿಗೆ ಬರೂದ ತಡಾ, ಕಿಟಕ್ಯಾಗಿಂದ ಕರ್ಚೀಪ್ ಒಗೀರಿ."

"ಯಾರಾದರೂ ತೆಗೆದು ಬಿಸಾಕಿದರೆ?"

"ಬಿಸಾಕಂಗಿಲ್ರಿ. ಜಗಳಾ ಮಾಡಾವರೂ ಅದನ್ನ ಮುಟ್ಟಂಗಿಲ್ಲ. ಸೀಟಿನ ಮ್ಯಾಲ ಕರ್ಚೀಪ್ ಐತಿ ಅಂದ್ರ ನೀವ ಕುಂತಂಗ."

ಅವಳ ಮಾತು ನಿಜವಾಗಿತ್ತು. ಯುನಿವರ್ಸಿಟಿಯಲ್ಲೂ ಅದೇ ಕಾಯಿದೆ. ಲೈಬ್ರರಿಯ ಓದುವ ಕೋಣೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಳ ಮೇಲೆ ಮುಂಜಾನೆ ಬಾಗಿಲು ತೆಗೆದ ಕೂಡಲೇ ನೀರಿನ ಬಾಟಲಿಗಳು ಕೂತುಬಿಡುತ್ತಿದ್ದವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಬಾಟಲಿ ಅವು. ಹುಡುಗರು ಚಹಾ ಕುಡಿದು, ಸ್ನಾನ ಮಾಡಿ, ನಿಧಾನಕ್ಕೆ ಬರುತ್ತಿದ್ದರು. ಬಾಟಲಿಯನ್ನು ಸರಿಸಿ ಕೂತವರನ್ನು ಎರಡು ವರ್ಷದಲ್ಲಿ ನಾನು ಒಬ್ಬರನ್ನೂ ನೋಡಲಿಲ್ಲ.

ಮಧ್ಯಾಹ್ನವೆಂದರೆ ಬುತ್ತಿ. ಹಾಸ್ಟೆಲಿನ ಅನ್ನ ಸಾರಿಗೆ ಬೇಸತ್ತವರಿಗೆ ಊರಿನಿಂದ ಸರಕಾರಿ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ರಾಮದುರ್ಗದಿಂದ ಸವದತ್ತಿಯ ಮೇಲೆ ಬರುವ ಬಸ್ಸು ನಮ್ಮ ಗೇಟಿನ ಮುಂದೆ ಎರಡು ನಿಮಿಷ ನಿಲ್ಲುತ್ತಿತ್ತು. ಕಂಡಕ್ಟರು ಕಿಟಕಿಯಿಂದ ಒಂದೊಂದೇ ಚೀಲ ಇಳಿಸುವರು. ನಮ್ಮ ಹುಡುಗಿಯದು ಹಸಿರು ವಾಯರ್ ಬುಟ್ಟಿ, ಹಿಡಿಕೆಗೆ ಅವಳವ್ವ ಕೆಂಪು ದಾರ ಸುತ್ತಿದ್ದಳು. ವಿಭಾಗದ ಹಿಂದಿನ ಮೆಟ್ಟಿಲ ಮೇಲೆ, ಬೇವಿನ ನೆರಳಲ್ಲಿ ಗಂಟು ಬಿಚ್ಚಿದರೆ ಮೇಲಿನ ರೊಟ್ಟಿ ಒಣಗಿ, ಕೆಳಗಿನದು ಪಲ್ಯದ ಹಬೆಗೆ ಮೆತ್ತಗಾಗಿರುತ್ತಿತ್ತು. ನಾನು ಫಾಯಿಲಿನಲ್ಲಿ ಸುತ್ತಿ ಒಯ್ದ ಚಪಾತಿಯನ್ನು ಹುಡುಗಿಯರು "ಕಾನ್ವೆಂಟ್ ಬುತ್ತಿ" ಎಂದು ಕರೆದು ಮೊದಲು ಅದನ್ನೇ ಖಾಲಿ ಮಾಡುತ್ತಿದ್ದರು.

ನಾಲ್ಕನೇ ಸೆಮಿಸ್ಟರಿನಲ್ಲಿ ಎಲ್ಲರೂ ಒಂದೊಂದು ಕಿರುಪ್ರಬಂಧ ಬರೆಯಬೇಕು. ನಾನು ಸವದತ್ತಿ ತಾಲೂಕಿನ ಹೂಲಿಯ ಹಳೆಯ ಗುಡಿಗಳ ಹೊಸ್ತಿಲುಗಳನ್ನು ಆರಿಸಿಕೊಂಡೆ.

"ಎಲ್ಲಾರೂ ಶಿಖರಾ ನೋಡತಾರ," ಅಂದರು ಸರ್. "ನೀವು ಹೊಸ್ತಲಾ ನೋಡಿ ಬಂದ್ರೇನ್ರಿ ಬಾಯಾರ?"

"ಎಲ್ಲ ಒಂದೇ ರೀತಿ ಸವೆದಿಲ್ಲ ಸರ್. ಒಂದು ನಡುವೆ ಸವೆದದ್ದು ಕಂಡೆ, ಒಂದು ಎಡಗಡೆ ಅಷ್ಟೇ."

"ನಮ್ಮ ಮನ್ಯಾಗೂ ಸವದೈತಿ, ನಾ ಒಮ್ಮೆರ ಬಗ್ಗಿ ನೋಡಿಲ್ಲ. ಬರೀರಿ," ಅಂದರು.

ನಾನು ಬ್ಲೌಸು ಹೊಲಿಯುವಾಗ ಬಳಸುವ ಟೇಪನ್ನೇ ಒಯ್ದು ಹೂಲಿಯ ಹೊಸ್ತಿಲುಗಳನ್ನು ಅಳೆದೆ. ಬರೆದು ಮುಗಿಸಿ, ಬೈಂಡ್ ಮಾಡಿಸಿ, ಎರಡೂ ಪ್ರತಿಗೆ ಸರ್ ಸಹಿ ಹಾಕಿಸಿಕೊಂಡೆ. ಮರುದಿನವೇ ಸರ್ ದೂರದ ಊರಿನ ಮಗಳ ಮನೆಗೆ ಹದಿನೈದು ದಿನಕ್ಕೆಂದು ಹೋದರು. ಸಹಿ ಮಾಡಿದ ಎರಡೂ ಪ್ರತಿಗಳನ್ನು ಒಂದೇ ಫೈಲಿನಲ್ಲಿಟ್ಟು, ಮೇಲೆ ಸಿಸ್ಟರ್ ಕಲಿಸಿದಂತೆ ಚೀಟಿ ಅಂಟಿಸಿದೆ. ಸೋಮವಾರ ಸಂಜೆ ನಾಲ್ಕರೊಳಗೆ ಆಫೀಸಿಗೆ ಕೊಡಬೇಕು. ತಪ್ಪಿದರೆ ಮುಂದಿನ ವರ್ಷದವರ ಜೊತೆ. ಅಂದರೆ ಮೂರನೇ ವರ್ಷ.

ಆ ಸೋಮವಾರ ಹುಣ್ಣಿಮೆಯ ಹಿಂದಿನ ದಿನ. ಸವದತ್ತಿಯ ಗುಡ್ಡಕ್ಕೆ ಎಲ್ಲಮ್ಮನ ದರ್ಶನಕ್ಕೆ ಹೋಗುವವರಿಂದ ಬೈಲಹೊಂಗಲದ ಬಸ್ ಸ್ಟ್ಯಾಂಡು ತುಂಬಿಹೋಗಿತ್ತು. ಒಂಬತ್ತಕ್ಕೆ ಕಿತ್ತೂರಿನ ಬೋರ್ಡು ಹೊತ್ತ ಬಸ್ಸು ಬಂತು. ನಾನು ಓಡಿದೆ. ಬ್ಯಾಗಿನಲ್ಲಿ ಕೈಯಾಡಿಸಿದರೆ ಕರ್ಚೀಪಿಲ್ಲ. ಪಕ್ಕದವರ ಟವಲು, ಚೀಲ, ಕೂಸಿನ ಟೋಪಿ ಕಿಟಕಿಗಳಲ್ಲಿ ನುಗ್ಗುತ್ತಿದ್ದವು. ಮೂರನೇ ಕಿಟಕಿಯ ಸೀಟು ಇನ್ನೂ ಖಾಲಿ. ಕೈಯಲ್ಲಿದ್ದದ್ದು ಫೈಲು. ಅದನ್ನೇ ಒಳಗೆ ಇಟ್ಟೆ.

ಇಟ್ಟ ಮೇಲೆ ಸಮಾಧಾನವಾಯಿತು. ದಿನದ ಹಾಗೆ ಕಂಡಕ್ಟರು ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಎಂಟ್ರಿ ಮಾಡಿಸಿಕೊಂಡು ಬರುವುದಕ್ಕೆ ಹತ್ತು ನಿಮಿಷ ಬೇಕು. ಪ್ರಬಂಧದ ಜೊತೆ ಕೊಡಲು ಫೀ ರಸೀದಿಯ ಝೆರಾಕ್ಸ್ ಬೇಕಿತ್ತು. ಎದುರಿನ ಅಂಗಡಿಗೆ ಹೋದೆ. ತಿರುಗಿ ಬಂದಾಗ ಬಸ್ಸು ನಿಂತಿದ್ದ ಜಾಗದಲ್ಲಿ ಹಸಿ ಎಣ್ಣೆಯ ಕಲೆ ಮಾತ್ರ ಇತ್ತು.

ಕಂಟ್ರೋಲರ್ ತಮ್ಮ ಕಿಟಕಿಯಿಂದಲೇ ಹೇಳಿದರು: "ಗುಡ್ಡದ ಮಂದಿ ಭಾಳ ಆದ್ರಲ್ರಿ, ಆ ಗಾಡಿ ಸವದತ್ತಿ ಮ್ಯಾಲ ರಾಮದುರ್ಗಕ್ಕ ಬಿಟ್ವಿ. ಬೋರ್ಡ್ ಬದಲ ಮಾಡಿ ಮೈಕಿನ್ಯಾಗ ಎರಡ ಸಲ ಕೂಗೇವಿ. ಕಿತ್ತೂರಿನವರೆಲ್ಲ ಇಳದ್ರು."

"ನಾನು ಸೀಟು ಹಿಡಿದಿದ್ದೆ," ಅಂದೆ.

"ಹಂಗಾರ ಸೀಟು ಹೋತು, ನೀವು ಉಳದ್ರಿ."

ನನ್ನ ಮುಖ ನೋಡಿ ಅವರು ನಗು ನಿಲ್ಲಿಸಿದರು. ಫೈಲಿನಲ್ಲಿ ಏನಿದೆ ಎಂದು ಹೇಳಿದೆ. ಆ ಕಂಡಕ್ಟರಿಗೆ ಮೂರು ಸಲ ಫೋನ್ ಮಾಡಿದರು. ರಿಂಗಾಗಿ ನಿಂತಿತು. "ಗದ್ದಲದಾಗ ಅವಗ ಕೇಳಸಂಗಿಲ್ರಿ. ನಂಬರ್ ಕೊಟ್ಟು ಹೋಗ್ರಿ," ಅಂದರು. ನಾನು ಕಲ್ಲಿನ ಬೆಂಚಿನ ಮೇಲೆ ಕೂತೆ. ಬೇರೆ ಪ್ರತಿ ಪ್ರಿಂಟ್ ತೆಗೆಸಬಹುದು. ಸರ್ ಸಹಿ ಎಲ್ಲಿಂದ ತರಲಿ? ಮನೆಗೆ ಫೋನ್ ಮಾಡುವ ಧೈರ್ಯವಾಗಲಿಲ್ಲ. ಹಾಸ್ಟೆಲಿನ ಹುಡುಗಿಗೆ ಮಾಡಿದೆ.

"ಅಳಬ್ಯಾಡ್ರಿ ಅಕ್ಕಾರ," ಅಂದಳು. "ಆ ಗಾಡಿ ಬೆನ್ನ ಹತ್ತಬ್ಯಾಡ್ರಿ, ಸಿಗಂಗಿಲ್ಲ. ನಮ್ಮ ಬುತ್ತಿ ಗಾಡಿ ಹತ್ತೂ ಮುಕ್ಕಾಲಕ್ಕ ಸವದತ್ತಿ ಸ್ಟ್ಯಾಂಡಿಗೆ ಬರತೈತಿ. ನಿಮ್ಮ ಫೈಲ್ ಅಲ್ಲಿ ಇಳೀತಂದ್ರ ಬುತ್ತಿ ಕೂಡ ಇಲ್ಲಿಗೆ ಬರತೈತಿ. ಬುತ್ತಿ ಕಂಡಕ್ಟರ್ ಮಾಮಾನ ನಂಬರ್ ನನ್ನ ಕಡೆ ಐತಿ. ನೀವು ಸುಮ್ನ ಕಿತ್ತೂರ ಗಾಡಿ ಹತ್ತಿ ಬರ್ರಿ."

ಖಾಲಿ ಕೈಯಲ್ಲಿ ಯುನಿವರ್ಸಿಟಿಗೆ ಹೋಗಿ ಏನು ಮಾಡಲಿ ಎಂದು ಮನಸ್ಸು ಅನ್ನುತ್ತಿತ್ತು. ಆದರೂ ಮುಂದಿನ ಬಸ್ಸು ಹತ್ತಿದೆ. ಸೀಟು ಸಿಗಲಿಲ್ಲ, ಸಿಕ್ಕಿದ್ದರೂ ಕೂರಲು ಆಗುತ್ತಿರಲಿಲ್ಲ.

ಕಿತ್ತೂರು ದಾಟುವಾಗ ಕಂಟ್ರೋಲರ್ ಫೋನ್ ಬಂತು. ಅವರ ದನಿಯಲ್ಲಿ ನಗುವಿತ್ತು.

"ಬಾಯಾರ, ಫೈಲ್ ಐತ್ರಿ. ಇಟ್ಟಲ್ಲೇ ಐತಿ. ಗಾಡ್ಯಾಗ ಕಾಲಿಡಾಕ ಜಾಗಾ ಇಲ್ಲ, ನಿಮ್ಮ ಸೀಟ್ ಒಂದ ಖಾಲಿ ಐತಂತ. ಬಾಜೂಕಿನ ಸೀಟಿನ್ಯಾಗ ಒಬ್ಬಾಕಿ ಆಯಿ ಕುಂತಾಳ, 'ಹಿಡದಾವರು ಬರತಾರ' ಅಂತ ಯಾರನ್ನೂ ಕುಂಡ್ರಗೊಟ್ಟಿಲ್ಲ. ಕಂಡಕ್ಟರ್ ಹೇಳಿದ್ರೂ ಕೇಳವಲ್ಲಳಂತ."

ಆಯಿ ಎಂದರೆ ಅಜ್ಜಿ. ಗುಡ್ಡಕ್ಕೆ ಹೊರಟ ಒಬ್ಬ ಅಜ್ಜಿ, ನನ್ನ ಮುಖವನ್ನೂ ನೋಡದವಳು, ಅಷ್ಟು ಗದ್ದಲದಲ್ಲಿ ಎಲ್ಲರ ಬಾಯಿಗೆ ಬಿದ್ದು ನನ್ನ ಸೀಟು ಕಾಯುತ್ತಿದ್ದಳು. ನಾನು ಬಸ್ಸಿನ ಕಂಬಕ್ಕೆ ಹಣೆ ಒತ್ತಿಕೊಂಡು ನಿಂತೆ. ಅಳು ಬಂತೋ ನಗು ಬಂತೋ, ಮುಂದೆ ಕೂತಿದ್ದ ಹೆಣ್ಣುಮಗಳು ಎದ್ದು, "ಕುಂಡ್ರಿ ಅಕ್ಕಾ, ತಲಿ ತಿರಗಾಕ ಹತ್ತೇತೇನು?" ಎಂದು ತನ್ನ ಸೀಟು ಕೊಟ್ಟಳು.

ಫೈಲನ್ನು ಸವದತ್ತಿ ಸ್ಟ್ಯಾಂಡಿನಲ್ಲಿ ಬುತ್ತಿಯ ಬಸ್ಸಿಗೆ ದಾಟಿಸಲು ಕಂಟ್ರೋಲರ್‌ಗೆ ಹೇಳಿದ್ದೆ. ಆದರೂ ಅದು ಇನ್ನೂ ಸವದತ್ತಿ ಮುಟ್ಟಿರಲಿಲ್ಲ. ಗುಡ್ಡದ ಗಾಡಿಗಳ ನಡುವೆ ಸಿಕ್ಕಿಬಿದ್ದರೆ ಬುತ್ತಿಯ ಬಸ್ಸು ತಪ್ಪುತ್ತಿತ್ತು. ಹುಡುಗಿ ಗೇಟಿನಲ್ಲಿ ನನಗಾಗಿ ನಿಂತಿದ್ದಳು. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಹನ್ನೆರಡೂವರೆಗೆ ಬರಬೇಕಾದ ಬಸ್ಸು ಒಂದು ಗಂಟೆಯಾದರೂ ಬರಲಿಲ್ಲ. ಬುತ್ತಿ ಕಾಯುವ ಬೇರೆ ಹುಡುಗರೂ ಬಂದು ಸೇರಿದರು. ಅವರಿಗೆ ಹಸಿವು, ನನಗೆ ಬೇರೆ ಚಿಂತೆ. "ಅಕ್ಕಾರ ಇವತ್ತ ನಮಗಿಂತ ಹಸದಾರ ನೋಡ್ರಿ," ಅಂದ ಒಬ್ಬ. ಹುಡುಗಿ ಅವನನ್ನು ಕಣ್ಣಲ್ಲೇ ಸುಮ್ಮನಿರಿಸಿದಳು.

ಎರಡಕ್ಕೆ ಹತ್ತು ನಿಮಿಷವಿರುವಾಗ ಬಸ್ಸು ಬಂತು. ಕಂಡಕ್ಟರು ಕಿಟಕಿಯಿಂದ ಚೀಲ ಇಳಿಸತೊಡಗಿದರು. ಸ್ಟೀಲಿನ ಡಬ್ಬಿ, ಬಿಳಿ ಚೀಲ, ಮತ್ತೊಂದು ಬಿಳಿ ಚೀಲ. ಕೊನೆಗೆ ಹಸಿರು ವಾಯರ್ ಬುಟ್ಟಿ. ಅದರ ಜೊತೆ ಬೇರೆ ಏನೂ ಇರಲಿಲ್ಲ.

"ಮಾಮಾ, ಫೈಲು?" ಅಂದಳು ಹುಡುಗಿ.

"ಬುಟ್ಟ್ಯಾಗ ನೋಡವಾ. ಕೈಯಾಗ ಹಿಡಕೊಂಡು ನಾ ಟಿಕೆಟ್ ಹರೀಲ್ಯೋ, ನಿಮ್ಮ ಫೈಲ್ ಕಾಯಲ್ಯೋ?"

ಅದು ಬುಟ್ಟಿಯ ತಳದಲ್ಲಿತ್ತು. ರೊಟ್ಟಿಯ ಗಂಟಿನ ಕೆಳಗೆ, ಅಡ್ಡ ಮಲಗಿಸಿದ ಹಾಗೆ. ಶೇಂಗಾ ಚಟ್ನಿಯ ಎಣ್ಣೆ ಒಂದು ಮೂಲೆಗೆ ಇಳಿದಿತ್ತು. ಚೀಟಿಯ ಪಕ್ಕದಲ್ಲಿ ಹಳದಿ ಬೆರಳುಗಳ ಗುರುತು, ಎಲ್ಲಮ್ಮನ ಭಂಡಾರದ್ದು. ಆ ಅಜ್ಜಿಯ ಬೆರಳೇ ಇರಬೇಕು. ಅಲ್ಲೇ ನಿಂತು ತೆಗೆದು ನೋಡಿದೆ. ಎರಡೂ ಪ್ರತಿ ಇದ್ದವು. ಎರಡರಲ್ಲೂ ಸಹಿ ಇತ್ತು.

ಆಫೀಸಿನ ಮೇಡಂ ಊಟ ಮುಗಿಸಿ ಆಗಷ್ಟೇ ಕೂತಿದ್ದರು. ಫೈಲನ್ನು ಮೂಗಿನ ಹತ್ತಿರ ಹಿಡಿದರು.

"ಏನ್ರಿ ಇದು, ಚಟ್ನಿ ವಾಸನಿ. ಮತ್ತ ಈ ಅರಿಷಿಣ?"

"ಗುಡ್ಡದ ಮಂದಿ ಕೂಡ ಸವದತ್ತಿಗೆ ಹೋಗಿ ಬಂದೈತ್ರಿ ಮೇಡಂ," ಅಂದಳು ಹುಡುಗಿ.

ಮೇಡಂ ಶೀರ್ಷಿಕೆ ಓದಿದರು, 'ಹೂಲಿಯ ಗುಡಿಗಳ ಹೊಸ್ತಿಲುಗಳು'. ಇನ್ನೊಮ್ಮೆ ಹಳದಿ ಗುರುತು ನೋಡಿದರು. "ಹೊಸ್ತಲಾ ಅಂದ ಮ್ಯಾಲ ಅರಿಷಿಣ ಇರಬೇಕಾದ್ದ ಬಿಡ್ರಿ," ಎಂದು ಠಸ್ಸೆ ಒತ್ತಿ, ಫೈಲು ತಲುಪಿದ್ದಕ್ಕೆ ಪೋಚ್ ಬರೆದು ಕೊಟ್ಟರು. ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನ ಒಳಖಾನೆಯಲ್ಲಿಟ್ಟೆ. ಮೆಟ್ಟಿಲಿಳಿದು ಬೇವಿನ ಗಿಡದ ಕೆಳಗೆ ಕೂತಾಗ ಮೂರು ದಾಟಿತ್ತು. ತಣ್ಣಗಾದ ರೊಟ್ಟಿ, ಮಡಿಕೆಕಾಳಿನ ಪಲ್ಯ. ನಾಲ್ಕು ರೊಟ್ಟಿ ತಿಂದೆ. ಹುಡುಗಿ ಎಣಿಸುತ್ತಿದ್ದದ್ದು ನನಗೆ ಗೊತ್ತಿತ್ತು.

ಮನೆ ಮುಟ್ಟಿದಾಗ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಕೊಟ್ಟೀ?"

"ಕೊಟ್ಟೆ ಅತ್ತ್ಯಾರ."

"ಮುಗೀತ?"

"ಮುಗೀತ್ರಿ. ಪರೀಕ್ಷೆ ಒಂದು ಉಳಿದೈತ್ರಿ, ಅಲ್ಲೀತನಕ ಹದಿನೈದು ದಿನ ಮನ್ಯಾಗ ಓದೂದು."

ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅಜ್ಜಿ ಸೀಟು ಕಾಯ್ದದ್ದು ಹೇಳಿದಾಗ ಮಾತ್ರ, "ಮತ್ತೇನು, ಹಿಡದಾವರ ಸೀಟು ಹಿಡದಾವರಿಗೇ," ಎಂದರು, ಅದರಲ್ಲಿ ವಿಶೇಷವೇನೂ ಇಲ್ಲದ ಹಾಗೆ. ಎಣ್ಣೆಯ ಬಟ್ಟಲನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ತಿಕ್ಕತೊಡಗಿದೆ. ಅವರು ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ತೆಗೆಯದೆಯೇ ಹೇಳಿದರು: "ನಾಲ್ಕ ರೊಟ್ಟಿ ತಿಂದೀ ಅಂದಿ. ಆ ಹುಡುಗಿ ಉಪಾಸ ಇದ್ದಿರಬೇಕು. ನಾಳೆ ಮುಂಜಾನಿ ಒಂದು ಎಂಟು ಹೆಚ್ಚಿಗಿ ಬಡೀತೇನಿ, ಅದರ ಜೋಡಿ ಬದನಿಕಾಯಿ ಪಲ್ಯ. ಹಾಸ್ಟೆಲ್‌ಗೆ ಬುತ್ತಿ ಕಳಿಸು."

"ಕಳಿಸ್ತೀನಿ."

"ಬೋರ್ಡ್ ನೋಡಿ ಇಡು."